ಇಬ್ಬರ ಪಾತ್ರೆ

ಪ್ರೀತಿಯ ಅಕ್ಕಾ,

"ಗ್ಯಾಸ್ ಹಚ್ಚಿಟ್ಟು ಹೊಲಿಗೇಲಿ ಮೈಮರೀತೀಯ" ಎಂದು ನೀನು ಮದುವೆಯಾಗಿ ಹೋಗುವ ಮುಂಚೆ ಕೊಡಿಸಿದ ಇಂಡಕ್ಷನ್ ಒಲೆಯನ್ನು ಈ ವಾರ ಡಬ್ಬದಿಂದ ತೆಗೆದೆ. ಅಲ್ಲಿಯತನಕ ಹೋಟೆಲ್ ಊಟವೇ ಆಗಿತ್ತು, ಬೈಯಬೇಡ.

ನನ್ನೊಬ್ಬಳಿಗೆ ಸಾಕೆಂದು ಚಿಕ್ಕ ಪಾತ್ರೆಯಲ್ಲಿ ಅಕ್ಕಿ ಇಟ್ಟು ಗುಂಡಿ ಒತ್ತಿದೆ. ಒಲೆ ಕೀ ಕೀ ಎಂದು ಕೂಗಿ ತಾನಾಗಿಯೇ ಆರಿಹೋಯಿತು. ಮತ್ತೆ ಒತ್ತಿದರೂ ಅದೇ ಕಥೆ. ಕೆಟ್ಟಿದೆ ಎಂದುಕೊಂಡು ಕೆಳಗಿನ ಅಂಗಡಿಯ ಎಲೆಕ್ಟ್ರಿಷಿಯನ್‌ನನ್ನು ಕರೆದೆ. ಅವನು ನಕ್ಕುಬಿಟ್ಟ.

"ಒಲೆ ಚೆನ್ನಾಗೇ ಇದೆ ಮೇಡಂ. ಪಾತ್ರೆ ತಳ ಇಷ್ಟು ಸಣ್ಣದಾದ್ರೆ ಮೇಲೆ ಏನಾದ್ರೂ ಇದೆ ಅಂತ ಅದಕ್ಕೆ ಗೊತ್ತೇ ಆಗಲ್ಲ. ಸುಮ್ನೆ ಕಾಯಬಾರ್ದು ಅಂತ ಆಫ್ ಆಗುತ್ತೆ. ಮನೇಲಿ ದೊಡ್ಡದಿಲ್ವಾ?"

ಇತ್ತು. ನಾವಿಬ್ಬರೂ ಇಷ್ಟು ವರ್ಷ ಅನ್ನ ಮಾಡಿಕೊಂಡ ಪಾತ್ರೆಯನ್ನು ಅಟ್ಟದಿಂದ ಇಳಿಸಿದೆ. ಅದನ್ನಿಟ್ಟ ಕೂಡಲೇ ಒಲೆ ಮಾತು ಕೇಳಿತು. ಆದರೆ ಕೈ ಹಳೆಯ ಅಳತೆಯಲ್ಲೇ ಅಕ್ಕಿ ಸುರಿದುಬಿಟ್ಟಿತ್ತು. ಮರುದಿನವೂ ತಂಗಳನ್ನವನ್ನೇ ತಿಂದೆ.

ಈಗ ಟೈಮರ್ ಇಟ್ಟು, ಲಾಕ್ ಗುಂಡಿ ಒತ್ತಿ ಹೊಲಿಗೆಗೆ ಕೂರುತ್ತೇನೆ. ನಾನು ಮರೆತರೂ ಅದು ಆರುತ್ತದೆ. ಆರಿದ ಮೇಲೂ ಗಾಜು ಬಿಸಿಯಿರುತ್ತದೆಂದು ಬೆರಳು ಸುಟ್ಟುಕೊಂಡು ಕಲಿತೆ. ದೊಡ್ಡ ಗಾಯವೇನಲ್ಲ.

ಭಾನುವಾರ ಭಾವನವರನ್ನೂ ಕರೆದುಕೊಂಡು ಊಟಕ್ಕೆ ಬಾ. ಅವರೊಡನೆ ನಾನಿನ್ನೂ ಸರಿಯಾಗಿ ಮಾತನಾಡಿಲ್ಲ. ಏನು ಮಾತನಾಡಬೇಕೋ ತಿಳಿಯದು, ಬಡಿಸುವುದಂತೂ ತಿಳಿದಿದೆ. ಅವರಿಗೆ ಸಾರಿನಲ್ಲಿ ಉಪ್ಪು ತುಸು ಮುಂದಿರಬೇಕೋ ಹಿಂದಿರಬೇಕೋ, ಅದೊಂದು ಬರೆದು ತಿಳಿಸು.

ನಿನ್ನ ಉತ್ತರಕ್ಕೆ ಕಾಯುತ್ತಿರುವ
ತಂಗಿ