ತವರಿನ ಸಹಿ

ಪ್ರೀತಿಯ ತಮ್ಮ ದತ್ತುವಿಗೆ,

ಬೈಯಪ್ಪನಹಳ್ಳಿಯ ಆಸರೆ ಮನೆಯಿಂದ ನಿನ್ನ ಅಕ್ಕ ಬರೆಯುವುದು.

ಫೋನಿನಲ್ಲಿ ನೀನು ನನ್ನ ಮಾತು ಪೂರಾ ಕೇಳುವುದಿಲ್ಲ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲವೆಂದು ಬರೆಯುತ್ತಿದ್ದೇನೆ. ಬಸ್ಸಿನ ಬೋರ್ಡು ಓದುತ್ತ ಅಕ್ಷರ ಕಲಿತವಳು ನಾನು, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ನನ್ನ ಮಗ ಬಸು ಕಟ್ಟಡದಿಂದ ಬಿದ್ದು ತೀರಿಹೋದ ಮೇಲೆ ಬಾಡಿಗೆ ಕೋಣೆ ಬಿಟ್ಟು, ಸೊಸೆ ಗಂಗಾ ಮತ್ತು ಎರಡು ಮೊಮ್ಮಕ್ಕಳನ್ನು ಕಟ್ಟಿಕೊಂಡು ಕೃಷ್ಣರಾಜಪುರ ಸ್ಟೇಷನ್ನಿನಲ್ಲಿ ಹನ್ನೊಂದು ದಿನ ಮಲಗಿದ್ದು ನಿನಗೆ ಗೊತ್ತು. ಆಗಲೂ ನಿನ್ನ ಮೇಲೆ ಸಿಟ್ಟು ಬರಲಿಲ್ಲ. ಗರುಡಾಚಾರ್‌ಪಾಳ್ಯದ ನಿನ್ನ ಒಂದೇ ಕೋಣೆಯಲ್ಲಿ ಐದು ಜನ, ಪಾಪ ನಮ್ಮನ್ನೆಲ್ಲಿ ಹಾಕಿಕೊಳ್ಳುತ್ತಾನೆ ಎಂದು ಗಂಗಾಳಿಗೆ ನಾನೇ ಸಮಾಧಾನ ಹೇಳಿದ್ದೆ. ಆಮೇಲೆ ಈ ಆಸರೆ ಮನೆ ಸಿಕ್ಕಿತು. ಒಂದು ವರ್ಷ ಇರಲು ಕೋಣೆ, ಮಕ್ಕಳಿಗೆ ಶಾಲೆ, ಗಂಗಾಳಿಗೆ ಹೊಲಿಗೆ ಕಲಿಸುವುದು. ಅಷ್ಟರೊಳಗೆ ದುಡಿದು ಬೇರೆ ಮನೆ ಹಿಡಿಯಬೇಕು. ಇಟ್ಟುಕೊಳ್ಳುವ ನೆಂಟರಿದ್ದವರು ಮೊದಲೇ ಬಿಡಬೇಕು, ಹೊರಗೆ ಕಾಯುವ ಸಂಸಾರಗಳು ಬಹಳ. ಅದಕ್ಕೇ ಇಲ್ಲಿಯ ಮಂಜುಳಮ್ಮ ನೆಂಟರ ಮನೆಗೆ ಹೋಗಿ ವಿಚಾರಿಸಿ ಬರುತ್ತಾರೆ.

ನಾಗರ ಪಂಚಮಿಗೆಂದು ನೀನು ನನ್ನೊಬ್ಬಳನ್ನು ತವರೆಂದು ನಿನ್ನ ಮನೆಗೆ ಕರೆದೊಯ್ದ ದಿನವೇ ಮಂಜುಳಮ್ಮ ಅಲ್ಲಿಗೆ ಬಂದರು. ನಿನ್ನ ಮಗಳನ್ನು ನೋಡಲು ಬಂದ ಬೀಗರು ಚಾಪೆಯ ಮೇಲೆ ಕುಳಿತು ಶೇಂಗಾ ಉಂಡಿ ತಿನ್ನುತ್ತಿದ್ದರು. ನಾವು ಎಲ್ಲಿದ್ದೇವೆಂದು ನೀನು ಅವರಿಗೆ ಹೇಳಿರಲಿಲ್ಲ. ಇವರನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಲು ಆಗುತ್ತದೆಯೇ, ಇಲ್ಲದಿದ್ದರೆ ನಮ್ಮಲ್ಲೇ ಇರಲಿ ಎಂದು ಮಂಜುಳಮ್ಮ ಕೇಳಿದಾಗ ಬೀಗರು ತಿನ್ನುವುದನ್ನು ನಿಲ್ಲಿಸಿ ನಿನ್ನ ಮುಖ ನೋಡಿದರು.

"ನಾ ಇರೂತನ ನಮ್ಮಕ್ಕ ಎಲ್ಲಿ ಹೋಗ್ತಾಳ್ರಿ? ಆಕಿ, ಸೊಸಿ, ಮಕ್ಕಳು ಎಲ್ಲಾರೂ ಇನ್ನ ಇಲ್ಲೇ ಇರ್ತಾರ. ಸೈ ಎಲ್ಲಿ ಹಾಕಬೇಕು, ಕೊಡ್ರಿ" ಎಂದೆ ನೀನು. ಹಾಕಿಯೂ ಬಿಟ್ಟೆ.

ನಾನು ಒಲೆಯ ಪಕ್ಕ ನಿಂತು ಸೆರಗು ಬಾಯಿಗೆ ಒತ್ತಿಕೊಂಡೆ. ಇಂಥ ತಮ್ಮನನ್ನು ಪಡೆಯಲು ಪುಣ್ಯ ಬೇಕೆಂದು ಬೀಗಿತ್ತಿ ಹೇಳಿದಳು. ಟ್ರಂಕು ಮೆಟ್ಟಿಲ ಕೆಳಗೆ ಹೋಗುತ್ತದೆ, ಮಕ್ಕಳು ಅಡ್ಡ ಮಲಗಿದರೆ ಎಲ್ಲರೂ ಹಿಡಿಸುತ್ತೇವೆ ಎಂದು ನಾನಾಗಲೇ ಮನಸ್ಸಿನಲ್ಲಿ ಹಾಸಿಗೆ ಹಾಸುತ್ತಿದ್ದೆ.

ಬೀಗರು ಗಲ್ಲಿ ದಾಟಿದ್ದೇ ತಡ, ನೀನು ಆಟೋ ತಂದು ನಿಲ್ಲಿಸಿದೆ. "ಅವರ ಮುಂದ ಮಾನ ಉಳೀಲಿ ಅಂತ ಅಂದೆ ಅಕ್ಕಾ. ಖರೇ ಅಂತ ತಿಳ್ಕೊಂಡಿಯೇನು?"

ತಿಳಿದುಕೊಂಡೆ ದತ್ತು. ಜಾಗ ಇಲ್ಲ ಎಂದಿದ್ದರೆ ನನಗೆ ನೋವಾಗುತ್ತಿರಲಿಲ್ಲ. ಇಲ್ಲದ ಜಾಗ ಇದೆ ಎಂದು ಬರೆದುಕೊಟ್ಟು, ಇದ್ದದ್ದನ್ನೂ ಕಳೆದೆಯಲ್ಲ.

ಒಂದನೇ ತಾರೀಖಿಗೆ ಕೋಣೆ ಬಿಡಬೇಕೆಂದು ಚೀಟಿ ಬಂತು. ನಮ್ಮ ಜಾಗಕ್ಕೆ ಬರುವವರು ಈಗ ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಮಲಗುತ್ತಾರಂತೆ, ಎಳೆಕೂಸು ಬೇರೆ. ಅವರ ಮೇಲೆ ಹೇಗೆ ಮುನಿಯಲಿ? ನೀನು ಬಂದು ಒಂದು ನಿಜ ಹೇಳಿದ್ದರೆ ಸಾಕಿತ್ತು. ನಾನು ಮೂರು ಸಲ ಫೋನ್ ಮಾಡಿದೆ. ಮದುವೆ ನಿಶ್ಚಯ ಆಗುವ ತನಕ ಬಾಯಿ ಬಿಡಬೇಡ ಎಂದೆ ನೀನು. ಅಲ್ಲಿಯ ತನಕ ಮಕ್ಕಳು ಎಲ್ಲಿ ಮಲಗಬೇಕೆಂದು ಕೇಳಲಿಲ್ಲ.

ಎಂಟು ದಿನ ಕಾದೆ. ಇವತ್ತು ಬೆಳಿಗ್ಗೆ ನಾನೇ ಬರೆದೆ: ನನ್ನ ತಮ್ಮ ಹೇಳಿದ್ದು ಸುಳ್ಳು, ಅವನ ಮನೆಯಲ್ಲಿ ನಮಗೆ ಜಾಗವಿಲ್ಲ.

"ಯೋಚನೆ ಮಾಡಿ ಕೊಡಿ ಅಮ್ಮಾ. ನಾವು ಮತ್ತೆ ಅವ್ರ ಮನೆಗೆ ಹೋಗ್ಬೇಕಾಗುತ್ತೆ, ಅಕ್ಕಪಕ್ಕದವ್ರನ್ನೂ ಕೇಳ್ತೀವಿ" ಎಂದರು ಮಂಜುಳಮ್ಮ. ಕೊಟ್ಟೆ. ಕೋಣೆ ಉಳಿಯುತ್ತದೋ ಇಲ್ಲವೋ ಇನ್ನೂ ತಿಳಿಯದು. ಬೇರೆಯವರ ಬಾಯಿಂದ ನೀನು ಕೇಳಬಾರದೆಂದು ಮೊದಲೇ ತಿಳಿಸಿದ್ದೇನೆ. ಬೀಗರಿಗೂ ನೀನೇ ಮುಂಚೆ ಹೇಳಿಬಿಡು.

ಇಲ್ಲಿ ಭಾನುವಾರ ಮೂರರಿಂದ ಐದರವರೆಗೆ ನೋಡಲು ಬಿಡುತ್ತಾರೆ. ಯಾರು ಬೇಕು, ಅವರು ನಿಮಗೆ ಏನಾಗಬೇಕು ಎಂದು ಗೇಟಿನ ಬೈಲಪ್ಪ ಕೇಳುತ್ತಾನೆ. ನಾನು ಒಳಗಿನಿಂದ ಹೇಳಿ ಕಳಿಸುವುದಿಲ್ಲ. ನೀನೇ ಹೇಳಬೇಕು.

ಹುಡುಗಿಯ ಸಂಸಾರ ತಣ್ಣಗಿರಲಿ. ನಿನಗೂ ಒಳ್ಳೆಯದಾಗಲಿ.

ಹರಸುವ,
ಭೀಮಬಾಯಿ