ಒಬ್ಬರೇ ಸಾಕು

12-8-75, ಮಂಗಳವಾರ

ಇವತ್ತೂ ಮೀಟಿಂಗು. ಹಿರಿಯೂರಿನ ಹೊಸ ಸಭಾಭವನ ಹಳ್ಳಿಯ ಕಲಾವಿದರಿಗೂ ಸಿಗಬೇಕು, ಸಲಹೆ ಕೊಡಿ ಅಂತ ಸಮಿತಿ ಮಾಡಿ ಆರು ತಿಂಗಳಾಯಿತು. ತಿಂದಿದ್ದು ಬರೀ ಬೋಂಡ. ಮಹಿಳಾ ವರ್ಷ ಅಂತ ನನ್ನನ್ನೂ ಸೇರಿಸಿಕೊಂಡಿದ್ದಾರೆ. ದಿನವಿಡೀ ಸ್ಕೂಲಿನಲ್ಲಿ ಗಂಟಲು ಹರಿದುಕೊಂಡು ಹೋಗಿ ಕೂತರೆ, ಅಧ್ಯಕ್ಷ ಗಂಗಾಧರಪ್ಪನವರು "ಟೀಚರ್, ಕಾಫಿ ಎಲ್ಲರಿಗೂ ಬಗ್ಗಿಸ್ರಿ" ಅಂದರು. ಬಗ್ಗಿಸಿದೆ. ಮೈಯೆಲ್ಲ ಉರಿಯಿತು.

ಆದರೂ ಕೆಂಚಕ್ಕ, ಯಲ್ಲಕ್ಕನ ಹೆಸರು ಹೇಳಿಯೇ ಬಂದೆ. ಯಲ್ಲದಕೆರೆ ಕಡೆಯ ಹಟ್ಟಿ, ಕುರಿ ಸಾಕುವ ಮನೆ, ಇಬ್ಬರೂ ವಾರಗಿತ್ತಿಯರು. ಸುತ್ತಲ ಮದುವೆಗಳಿಗೆಲ್ಲ ಅವರದೇ ಹಾಡು. ರಾಜ್ಯೋತ್ಸವಕ್ಕೆ ಅವರನ್ನು ಸ್ಟೇಜ್ ಹತ್ತಿಸಿ ಅಂದೆ. ನೋಡೋಣ ಅಂದರು.

31-8-75, ಭಾನುವಾರ

ಹಟ್ಟಿಗೆ ಹೋಗಿದ್ದೆ. "ಬರ್ರಿ, ಕುಂತ್ಕಳ್ರಿ" ಅಂತ ಕಂಬಳಿ ಹಾಸಿದರು. ಹಾಡಿದರು. ಕೆಂಚಕ್ಕ ಒಂದು ಸಾಲು ಹೇಳಿ ನಿಲ್ಲಿಸುವುದು, ಯಲ್ಲಕ್ಕ ಅದನ್ನೇ ತಿರುಗಿ ಹೇಳುವುದು. ಮದುವೆಯಾಗಿ ಬಂದಾಗಿನಿಂದ ಹೀಗೇ ಅಂತೆ.

"ನಾನು ತಿರುಗಿ ಅಂದ್ರೇನೇ ಇವ್ಳಿಗೆ ಮುಂದಿನ್ದು ನೆಪ್ಪಾಗೋದು, ಟೀಚರಮ್ಮ" ಅಂದಳು ಯಲ್ಲಕ್ಕ.

"ನಾನು ಅನ್ನದಿದ್ರೆ ನಿಂಗೆ ಅನ್ನಾಕೆ ಏನೈತೆ ಲೇ?" — ಕೆಂಚಕ್ಕ.

ಹೊಟ್ಟೆ ಹಿಡಿದುಕೊಂಡು ನಕ್ಕರು ಇಬ್ಬರೂ. ಎಷ್ಟು ಖುಷಿಯಾಯಿತು ನನಗೆ!

14-10-75, ಮಂಗಳವಾರ

ರಾಜ್ಯೋತ್ಸವದ ಸ್ಟೇಜಿಗೆ ಹಳ್ಳಿಗೆ ಒಬ್ಬರೇ ಅಂತೆ. ಎಲ್ಲರಿಗೂ ಸಮನಾಗಿ ಅವಕಾಶ ಸಿಗಬೇಕಲ್ಲ, ಅದಕ್ಕೆ! ಇಬ್ಬರು ಸೇರಿದರೇ ಅದು ಹಾಡು ಅಂದೆ.

"ಹೇಳಿದ್ದನ್ನೇ ಹೇಳಾಕೆ ಇನ್ನೊಬ್ಬಳು ಯಾಕ್ರಿ? ಟೈಮ್ ಎಲ್ಲೈತೆ?" ಅಂದರು ಗಂಗಾಧರಪ್ಪನವರು.

ಕೈ ಎತ್ತಿಸಿದರು. ನನ್ನದೊಂದು ಕೈ ಬಿಟ್ಟು ಎಲ್ಲವೂ ಮೇಲೆ. ಕೆಂಚಕ್ಕ ಅಂತ ತೀರ್ಮಾನ. ಹೋಗಿ ಹೇಳುವ ಕೆಲಸ ಮಾತ್ರ ನನಗೆ.

19-10-75

ಹೇಳಿದೆ. ಕೆಂಚಕ್ಕ ಒಲ್ಲೆ ಅಂದಳು. ಗಂಡ ಚಿತ್ತಯ್ಯ, "ದೊಡ್ಡೋರು ಕರೆದವ್ರೆ, ಹೋಗೇ" ಅಂತ ಗದರಿದ. ನಾನೂ ಒತ್ತಾಯ ಮಾಡಿದೆ — ಈ ಸಲ ಒಬ್ಬರಾದರೂ ಬನ್ನಿ, ಬರುವ ವರ್ಷ ಇಬ್ಬರೂ... ಯಾರನ್ನು ಕೇಳಿ ಆ ಮಾತು ಕೊಟ್ಟೆನೋ.

"ಹೋಗ್ಲಿ ಬಿಡ್ರಿ" ಅಂದಳು ಯಲ್ಲಕ್ಕ. ನಗಲಿಲ್ಲ. ಎದ್ದು ಕುರಿ ರೊಪ್ಪದ ಕಡೆ ಹೋದಳು.

1-11-75, ಸಂಜೆ

ಕೆಂಚಕ್ಕ ಮೈಕಿನ ಮುಂದೆ ನಿಂತಳು. ಒಂದು ಸಾಲು ಹೇಳಿದಳು. ಎಂಥ ದನಿ! ನಿಲ್ಲಿಸಿ ಪಕ್ಕಕ್ಕೆ ತಿರುಗಿದಳು. ಪಕ್ಕದಲ್ಲಿ ಯಾರೂ ಇಲ್ಲ. ಕಾದಳು, ಪಾಪ. ಮುಗಿಯಿತು ಅಂದುಕೊಂಡು ಜನ ಚಪ್ಪಾಳೆ ಹೊಡೆದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಹಾರ, ಶಾಲು.

"ಟೈಮಿಗೆ ಸರಿಯಾಗಿ ಮುಗಿಸಿದ್ಲು ನೋಡ್ರಿ" ಅಂದರು ಗಂಗಾಧರಪ್ಪನವರು. ಥೂ.

ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದುಕೊಂಡು ಕೇಳಿದಳು: "ಹಾಡೇ ಆಗ್ಲಿಲ್ವಲ್ಲ ಟೀಚರಮ್ಮ, ಚಪ್ಪಾಳೆ ಯಾಕೆ ಹೊಡೆದ್ರು?" ಬಸ್ ಹತ್ತಿಸಿ ಬಂದೆ.

11-11-75

ಸಮಿತಿ ಬಿಟ್ಟೆ. ಯಾಕೆ ಅಂತ ಒಬ್ಬರೂ ಕೇಳಲಿಲ್ಲ.

24-11-75, ಸೋಮವಾರ

ಕೆಂಚಕ್ಕನ ಮಗಳು ಕಾಟಮ್ಮನ ಮದುವೆ. ರಜ ಹಾಕಿ ಹೋದೆ. ಹುಡುಗಿಯನ್ನು ಹಸೆಗೆ ಕೂರಿಸಿದರು. ಕೆಂಚಕ್ಕ ಮೊದಲ ಸಾಲು ಎತ್ತಿದಳು. ಯಲ್ಲಕ್ಕ ಎದುರಿಗೇ ಕೂತಿದ್ದಳು, ಬಾಯಿ ತೆರೆಯಲಿಲ್ಲ.

"ತಿರುಗಿ ಅನ್ನೇ" ಅಂದರು ಹೆಂಗಸರು.

"ನಾನ್ಯಾಕೆ? ಒಬ್ರೇ ಸಾಕು ಅಂತ ದೊಡ್ಡೋರೇ ಹೇಳವ್ರಲ್ಲ" ಅಂದಳು ಯಲ್ಲಕ್ಕ. ನನ್ನ ಮುಖ ನೋಡಿಯೇ ಅಂದಳು.

ಹುಡುಗಿ ಹಸೆಯ ಮೇಲೆ ತಲೆ ತಗ್ಗಿಸಿ ಕಾಯುತ್ತಿದ್ದಾಳೆ. ಶಾಸ್ತ್ರ ಮುಗಿಯುವವರೆಗೆ ಹಾಡು ನಿಲ್ಲಿಸುವ ಹಾಗಿಲ್ಲ. ಕೆಂಚಕ್ಕ ತಾನೇ ಸಾಲು ಹೇಳಿದಳು, ದನಿ ತಗ್ಗಿಸಿ ತಾನೇ ತಿರುಗಿ ಹೇಳಿಕೊಂಡಳು. ಮತ್ತೆ ಇನ್ನೊಂದು ಸಾಲು, ಮತ್ತೆ ತಾನೇ. ಮಧ್ಯೆ ಉಸಿರು ಎಳೆದುಕೊಳ್ಳಲೂ ಪುರುಸೊತ್ತಿಲ್ಲ. ಮೂರನೆಯ ಸಾಲು ಹೇಳಿ, ಮುಂದಿನದು ನೆನಪಾಗದೆ, ಯಲ್ಲಕ್ಕನ ಕಡೆ ತಿರುಗಿ, ಆವತ್ತು ಮೈಕಿನ ಮುಂದೆ ಕಾದ ಹಾಗೇ ಕಾದಳು.