ಇಬ್ಬರ ಫಿಲ್ಟರು

ರೀ,

ನಮ್ಮ ಕಾಫಿ ಫಿಲ್ಟರು ಅಡಿಯಲ್ಲಿ ಬಿರುಕು ಬಿಟ್ಟು ಸೋರುತ್ತಿದೆ. ನಿನ್ನೆ ಹೊಸದು ತರಲು ನಿಮ್ಮ ತಂಗಿಯ ಜೊತೆ ಹೋಗಿದ್ದೆ. ಎಸ್ಪ್ರೆಸೊ ಯಂತ್ರ ಕಂಡದ್ದೇ ತಡ, ಅವಳು, "ಅತ್ತಿಗೆ, ಇದನ್ನೇ ತಗೊಳ್ಳಿ. ಒಂದೊಂದೇ ಕಪ್ ಮಾಡ್ಕೋಬಹುದು. ಅಣ್ಣ ಬಂದಾಗ ನೋಡ್ಕೊಂಡ್ರಾಯ್ತು" ಎಂದಳು.

ನನಗೆ ಫಿಲ್ಟರೇ ಬೇಕಿತ್ತು. ಅಂಗಡಿಯವರು, "ಮನೇಲಿ ಎಷ್ಟು ಜನ?" ಎಂದು ಕೇಳಿದರು. ಇಬ್ಬರು ಎಂದೆ. ನಿಮ್ಮ ತಂಗಿ ಮುಖ ಆ ಕಡೆ ತಿರುಗಿಸಿದಳು.

"ಸರಿಯಾಗಿ ಹೇಳಿ ಅಮ್ಮಾ. ಇಬ್ಬರ ಫಿಲ್ಟರಿಗೆ ಒಬ್ಬರ ಪುಡಿ ಹಾಕಿದ್ರೆ ಡಿಕಾಕ್ಷನ್ ಅಲ್ಲ, ಪಾತ್ರೆ ತೊಳೆದ ನೀರು ಇಳಿಯುತ್ತೆ" ಎಂದರು ಅವರು.

ಅದು ನಿಜ. ಅದಕ್ಕೇ ನೀವು ಬಂದರಿನ ಕೆಲಸಕ್ಕೆ ಹೋದಮೇಲೂ ನಾನು ಇಬ್ಬರಿಗಾಗುವಷ್ಟು ಪುಡಿಯನ್ನೇ ಹಾಕುತ್ತಿದ್ದೇನೆ. ಉಳಿದದ್ದನ್ನು ಸಂಜೆ ಚೆಲ್ಲುತ್ತೇನೆ.

ನಿಮ್ಮ ಗುತ್ತಿಗೆ ಈ ತಿಂಗಳು ಮುಗಿಯುತ್ತದೆ. ಇನ್ನೊಂದು ವರ್ಷಕ್ಕೆ ಸಹಿ ಹಾಕುವ ಯೋಚನೆಯಿದ್ದರೆ ಮುಚ್ಚುಮರೆಯಿಲ್ಲದೆ ಬರೆಯಿರಿ. ಯಂತ್ರವನ್ನೇ ತೆಗೆದುಕೊಳ್ಳುತ್ತೇನೆ, ಅದೂ ಒಳ್ಳೆಯದೇ ಇರಬೇಕು. ನಿಮ್ಮ ಉತ್ತರ ಬರುವವರೆಗೆ ಇಬ್ಬರ ಫಿಲ್ಟರನ್ನು ಎತ್ತಿಡಿ ಎಂದು ಅಂಗಡಿಯವರಿಗೆ ಹೇಳಿ ಬಂದಿದ್ದೇನೆ. ಅಲ್ಲಿಯವರೆಗೆ ನನಗೆ ಕಾಫಿ ಬೇಡ.

ನಿಮ್ಮವಳು